ಸಿಕ್ಲಿಡ್ ತರುವ ಮುಂಚೆ ಟ್ಯಾಂಕಿನ ನೆಲ ಅಳೆಯಿರಿ

ಸಿಕ್ಲಿಡ್ ಎಂಬ ಜಗಳಗಂಟ ಮೀನುಗಳ ಕುಲಕ್ಕೆ ಸೇರಿದ ಎರಡು ಇಂಚಿನ ಆಸ್ಕರ್ ಮರಿ ಅಂಗಡಿಯ ಗಾಜಿನಾಚೆ ನಿಂತು ನಮ್ಮನ್ನೇ ನೋಡುತ್ತಿದ್ದರೆ ಮಕ್ಕಳಿರಲಿ, ದೊಡ್ಡವರಿಗೂ ಆಸೆಯಾಗುತ್ತದೆ. ಸರಿಯಾಗಿ ಮೇವು ಹಾಕಿದರೆ ಅದು ವರ್ಷ ತುಂಬುವ ಹೊತ್ತಿಗೆ ಹತ್ತು ಇಂಚಿನ ಆಸುಪಾಸು ಬೆಳೆಯುತ್ತದೆ. ಜೊತೆಗೆ ಬಿಟ್ಟ ಗಪ್ಪಿ, ಟೆಟ್ರಾ ಒಂದೂ ಉಳಿದಿರುವುದಿಲ್ಲ. ಆಗ ಮನೆಯವರೆಲ್ಲ ಸೇರಿ ಮೀನನ್ನು ಬೈಯುತ್ತಾರೆ. ಬಾಯಿಗೆ ಹಿಡಿಸಿದ್ದನ್ನು ನುಂಗುವುದು ಅದರ ಹುಟ್ಟುಗುಣ, ಅದನ್ನು ಜಗಳ ಅನ್ನಬಾರದು. ನಿಜವಾದ ಜಗಳಕ್ಕೆ ಕಾರಣ ಹೆಚ್ಚಾಗಿ ಎರಡೇ: ಒಂದು ಜಾಗ, ಇನ್ನೊಂದು ಸಂಸಾರ. ಇವೆರಡನ್ನೂ ತಿಳಿದು ಟ್ಯಾಂಕ್ ಜೋಡಿಸಿಕೊಂಡರೆ ಅರ್ಧ ತೊಂದರೆ ಹುಟ್ಟುವುದೇ ಇಲ್ಲ.

ಟ್ಯಾಂಕ್ ಕೊಳ್ಳುವಾಗ ಲೀಟರ್ ಎಷ್ಟು ಎಂದು ಮಾತ್ರ ಕೇಳಿದರೆ ಸಾಲದು, ಉದ್ದ ಅಗಲ ಕೇಳಿ. ಸಿಕ್ಲಿಡ್ ಗಡಿ ಹಾಕಿಕೊಳ್ಳುವುದು ನೆಲದ ಮೇಲೆ. ಎತ್ತರ ಜಾಸ್ತಿ ಇದ್ದು ನೆಲ ಕಿರಿದಾದರೆ ಸೋತ ಮೀನಿಗೆ ಓಡಲು ದಾರಿಯಿಲ್ಲ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ತುಂಬಿದರೆ ಸುಮಾರು 250 ಲೀಟರ್. ದೊಡ್ಡ ಜಾತಿಯ ಒಂದು ಮೀನಿಗೋ, ಚಿಕ್ಕ ಆಫ್ರಿಕನ್ ಜಾತಿಯ ಒಂದು ಗುಂಪಿಗೋ ಇದು ಸಾಕು. ನೀರು, ಗಾಜು, ಕಲ್ಲು ಎಲ್ಲ ಸೇರಿ 300 ಕಿಲೋ ದಾಟುತ್ತದೆ, ಹಾಗಾಗಿ ಸ್ಟ್ಯಾಂಡ್ ಗಟ್ಟಿಯಿರಲಿ. ಎರಡಡಿ ಟ್ಯಾಂಕ್ ಇಟ್ಟುಕೊಂಡು ದೊಡ್ಡದಾಗಿ ಬೆಳೆಯುವ ಸಿಕ್ಲಿಡ್ ಆದ ಫ್ಲವರ್‌ಹಾರ್ನ್ ಕೇಳುವವರಿಗೆ ಬೇಡ ಎಂದೇ ಹೇಳುವುದು ಒಳ್ಳೆಯದು.

ಮಲಾವಿ ಸರೋವರದ ಬಂಡೆಗಳ ನಡುವೆ ಬದುಕುವ ಎಂಬುನಾ ಜಾತಿಗಳು, ಅಂದರೆ ಅಂಗಡಿಯಲ್ಲಿ ಆಫ್ರಿಕನ್ ಸಿಕ್ಲಿಡ್ ಎಂದು ಬೆರಕೆಯಾಗಿ ಮಾರುವ ಹಳದಿ, ನೀಲಿ ಮೀನುಗಳು, ಬೇರೆ ಲೆಕ್ಕದವು. ಇವನ್ನು ನಾಲ್ಕೈದು ಮಾತ್ರ ಬಿಟ್ಟರೆ ಬಲವಾದ ಗಂಡು ಒಂದನ್ನೇ ಹಿಡಿದು ಬೆನ್ನಟ್ಟಿ ಕೊಲ್ಲುತ್ತದೆ. ನಾಲ್ಕಡಿ ಟ್ಯಾಂಕಿಗೆ ಹದಿನೆಂಟು ಇಪ್ಪತ್ತು ಬಿಟ್ಟರೆ ಪೆಟ್ಟು ಎಲ್ಲರಿಗೂ ಹಂಚಿಹೋಗುತ್ತದೆ, ಯಾರಿಗೂ ಜಾಗ ಪೂರ್ತಿ ದಕ್ಕುವುದಿಲ್ಲ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಇರಲಿ. ಇಷ್ಟು ಮೀನಿಗೆ ಫಿಲ್ಟರ್ ಗಂಟೆಗೆ ಟ್ಯಾಂಕಿನ ನೀರಿನ ಆರರಿಂದ ಎಂಟು ಪಟ್ಟು ತಿರುಗಿಸುವಂತಿರಬೇಕು, ವಾರಕ್ಕೊಮ್ಮೆ ಮೂರನೇ ಒಂದು ಪಾಲು ನೀರು ಬದಲಿಸಲೇಬೇಕು. ಇದನ್ನು ಮಾಡಲಾಗದವರು ಒತ್ತಾಗಿ ಬಿಡಬಾರದು. ಕಲ್ಲುಗಳನ್ನು ಮರಳಿನ ಮೇಲಿಡದೆ ಮೊದಲು ತಳದ ಗಾಜಿನ ಮೇಲೆ ತೆಳು ಥರ್ಮಾಕೋಲ್ ಹಾಸಿ ಕೂರಿಸಿ, ಆಮೇಲೆ ಮರಳು ಸುರಿಯಿರಿ. ಇವು ಬಾಯಿ ತುಂಬ ಮರಳು ತುಂಬಿಕೊಂಡು ಪಕ್ಕಕ್ಕೆ ಉಗುಳುತ್ತಾ ರಾತ್ರಿ ಬೆಳಗಾಗುವುದರಲ್ಲಿ ಕಲ್ಲಿನ ಬುಡ ಕೊರೆದುಬಿಡುತ್ತವೆ. ಕಲ್ಲು ಉರುಳಿದರೆ ಮೀನೂ ಹೋಯಿತು, ಗಾಜೂ ಹೋಯಿತು. ಎರಡೂ ಕಡೆ ಬಾಯಿರುವ ಬಿಲ ಮಾಡಿ. ಒಂದೇ ಬಾಯಿಯ ಬಿಲದೊಳಗೆ ಓಡಿದ ಮೀನು ಸಿಕ್ಕಿಹಾಕಿಕೊಳ್ಳುತ್ತದೆ.

ಇವಕ್ಕೆ ನೀರು ಗಡಸಾಗಿರಬೇಕು, ಪಿಎಚ್ (ಆಮ್ಲ-ಕ್ಷಾರದ ಅಳತೆ) 7.8ರಿಂದ 8.6. ನಮ್ಮಲ್ಲಿ ಅನೇಕ ಕಡೆಯ ಬೋರ್‌ವೆಲ್ ನೀರು ಇದಕ್ಕೆ ಒಗ್ಗುತ್ತದೆ, ಆದರೂ ಒಮ್ಮೆ ಅಳೆದು ನೋಡಿ. ಸ್ಪಿರುಲಿನಾ ಎಂಬ ಪಾಚಿ ಇರುವ ಮೇವು ಕೊಡಿ. ಇವು ಬಂಡೆಯ ಪಾಚಿ ಕೆರೆದು ತಿನ್ನುವ ಮೀನುಗಳು, ದಿನವೂ ಒಣಹುಳ, ಮಾಂಸದ ಮೇವು ಹಾಕಿದರೆ ಹೊಟ್ಟೆ ಉಬ್ಬಿ ಸಾಯುತ್ತವೆ. ಹಳದಿ ಮೈಮೇಲೆ ಕಪ್ಪು ಪಟ್ಟೆಯ ಔರಾಟಸ್ ಮರಿಗಳಿಗೆ ಮರುಳಾಗಬೇಡಿ. ಅದರ ಗಂಡು ಬಲಿತಾಗ ಮೈಯೆಲ್ಲ ಕಪ್ಪಗಾಗುತ್ತದೆ, ಆಮೇಲೆ ಯಾರನ್ನೂ ಬಾಳಗೊಡುವುದಿಲ್ಲ. ಹೊಸಬರಿಗೆ ಯೆಲ್ಲೊ ಲ್ಯಾಬ್ ಸಾಕು, ಈ ಕುಲದಲ್ಲಿ ಅದರಷ್ಟು ಸಮಾಧಾನದ ಮೀನು ಕಡಿಮೆ.

ದಿನಾ ಮೇವು ಹಾಕುವ ಹೊತ್ತಿಗೆ ಎರಡು ನಿಮಿಷ ನಿಂತು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ರೆಕ್ಕೆ ಬಿಚ್ಚಿ, ಕಿವಿರು ಅಗಲಿಸಿ, ಪಕ್ಕಕ್ಕೆ ಪಕ್ಕ ನಿಂತು ಬಾಲ ಬೀಸುವುದು ಬರೀ ಬೆದರಿಕೆ, ತಲೆ ಹಾಕಬೇಕಿಲ್ಲ. ಬಾಯಿಗೆ ಬಾಯಿ ಕಚ್ಚಿ ಎಳೆದಾಡುವುದೂ ಬಲ ನೋಡಿಕೊಳ್ಳುವ ಬಗೆಯೇ. ಸೋತದ್ದು ಬಣ್ಣ ಇಳಿಸಿ ಹಿಂದೆ ಸರಿದರೆ ಅಲ್ಲಿಗೆ ಮುಗಿಯಿತು. ಸೋತರೂ ಬೆನ್ನಟ್ಟುವುದು ನಿಲ್ಲದಿದ್ದರೆ ಮಾತ್ರ ಹೆದರಬೇಕು. ಪೆಟ್ಟು ತಿಂದ ಮೀನು ಫಿಲ್ಟರ್ ಪೈಪಿನ ಹಿಂದೆ ಮೇಲಿನ ಮೂಲೆಯಲ್ಲಿ ರೆಕ್ಕೆ ಮಡಿಚಿ ನಿಂತಿರುತ್ತದೆ, ಪಕ್ಕದಲ್ಲಿ ಎರಡು ಮೂರು ಹುರುಪೆ ಎದ್ದಿರುತ್ತವೆ, ಬಾಲದ ಅಂಚು ಹರಿದಿರುತ್ತದೆ, ಮೇವು ಬಿದ್ದರೂ ಕೆಳಗಿಳಿಯುವುದಿಲ್ಲ. ನಾಳೆ ನೋಡೋಣ ಅನ್ನದೆ ಅವತ್ತೇ ತೆಗೆದು ಬೇರೆ ತೊಟ್ಟಿಗೆ ಹಾಕಿ. ಶುದ್ಧ ನೀರು, ಗಾಳಿಯ ಪಂಪು, ಲೀಟರಿಗೆ ಒಂದು ಗ್ರಾಂನಂತೆ ಅಯೋಡಿನ್ ಸೇರಿಸದ ಕಲ್ಲುಪ್ಪು, ಚಿಕ್ಕ ಗಾಯಕ್ಕೆ ಇಷ್ಟು ಸಾಕು.

ಇನ್ನು ಸಂಸಾರದ ಜಗಳ. ಕಾನ್ವಿಕ್ಟ್ ಎಂಬ ಚಿಕ್ಕ ಸಿಕ್ಲಿಡ್ ಜೋಡಿ ಮೊಟ್ಟೆ ಇಟ್ಟಿತೆಂದರೆ ಮೂರು ನಾಲ್ಕು ಇಂಚಿನ ಮೀನು ತನ್ನ ಎರಡರಷ್ಟಿದ್ದದ್ದನ್ನೂ ಮೂಲೆಗೆ ಅಟ್ಟುತ್ತದೆ. ಜೋಡಿಯನ್ನು ಕದಲಿಸಲು ಹೋಗಬೇಡಿ, ಗಾಬರಿಗೆ ಮೊಟ್ಟೆಗಳನ್ನೇ ತಿಂದುಬಿಡುತ್ತವೆ. ಉಳಿದ ಮೀನುಗಳನ್ನು ಎತ್ತಿ, ಇಲ್ಲವೇ ತೂತುಗಳಿರುವ ಅಕ್ರಿಲಿಕ್ ಹಾಳೆಯನ್ನು ನಡುವೆ ತಡೆಯಾಗಿ ಇಳಿಸಿ. ತಡೆಯ ಅಂಚಿಗೂ ಗಾಜಿಗೂ ಸಂದು ಉಳಿಯದಂತೆ ನೋಡಿ, ಅಲ್ಲೇ ತೂರಿಬಂದು ಹೊಡೆದಾಡುತ್ತವೆ. ಗಂಡು ತನ್ನ ಹೆಣ್ಣಿನ ಮೇಲೆಯೇ ತಿರುಗಿಬೀಳುವುದೂ ಉಂಟು, ಹೆಣ್ಣು ಇನ್ನೂ ಮೊಟ್ಟೆಗೆ ಸಿದ್ಧವಿಲ್ಲದಾಗ ಮುಖ್ಯವಾಗಿ. ಹೆಣ್ಣು ನುಸುಳಿ ಗಂಡು ನುಸುಳದ ಅಳತೆಯ ಪಿವಿಸಿ ಪೈಪಿನ ತುಂಡು ಒಂದೆರಡು ಹಾಕಿಟ್ಟರೆ ಹೆಣ್ಣಿನ ಜೀವ ಉಳಿಯುತ್ತದೆ. ಇದೇ ಕುಲದ ಏಂಜಲ್ ಮೀನು ಕೊಳ್ಳುವವರು ಗಂಡು ಹೆಣ್ಣು ಹುಡುಕುವ ಕಷ್ಟ ಬಿಟ್ಟು ಆರು ಮರಿ ತಂದು ಬೆಳೆಸಿ, ತಾವಾಗಿ ಜೋಡಿಯಾಗುತ್ತವೆ. ಮೊದಲೆರಡು ಸಲ ಮೊಟ್ಟೆ ತಿಂದರೆ ಬೇಸರ ಬೇಡ, ಹೊಸ ಜೋಡಿಗಳು ಹಾಗೆಯೇ ಮಾಡುತ್ತವೆ.

ಆಸ್ಕರ್ ಮುನಿಸಿಕೊಳ್ಳುವ ಮೀನು. ನೀರು ಬದಲಿಸಿದ್ದಕ್ಕೋ ಕಲ್ಲು ಸರಿಸಿದ್ದಕ್ಕೋ ಪಕ್ಕಕ್ಕೆ ವಾಲಿ ಮಲಗಿಬಿಡುತ್ತದೆ. ಅಮೋನಿಯಾ ಪರೀಕ್ಷೆ ಮಾಡಿ ನೋಡಿ. ನೀರು ಸರಿಯಿದ್ದರೆ ಒಂದು ದಿನ ಸುಮ್ಮನೆ ಬಿಡಿ, ಏಳುತ್ತದೆ. ಹೀಟರಿಗೆ ಪ್ಲಾಸ್ಟಿಕ್ ಕವಚ ಹಾಕಿ, ಅದು ಗುದ್ದಿ ಒಡೆದರೆ ಕರೆಂಟ್ ಹೊಡೆಯುವ ಭಯ. ಫ್ಲವರ್‌ಹಾರ್ನ್‌ಗೆ ಜೊತೆ ಬೇಡ, ಒಂಟಿಯಾಗಿಯೇ ಇರಲಿ.

ಹಳೆಯ ಟ್ಯಾಂಕಿಗೆ ಹೊಸ ಮೀನು ಬಿಡುವಾಗ ಮೊದಲು ಹಳಬರಿಗೆ ಮೇವು ಹಾಕಿ, ಕಲ್ಲುಗಳ ಜಾಗ ಬದಲಿಸಿ, ದೀಪ ಆರಿಸಿ, ಆಮೇಲೆ ಬಿಡಿ. ಹಳೆಯ ಗಡಿ ಅಳಿಸಿಹೋದರೆ ಎಲ್ಲವೂ ಹೊಸಬರೇ. ಒಂದೊಂದಾಗಿ ಬಿಡದೆ ಮೂರು ನಾಲ್ಕು ಒಟ್ಟಿಗೆ ಬಿಡಿ. ಅದೇ ಬಣ್ಣ, ಅದೇ ಪಟ್ಟೆಯ ಬೇರೆ ಜಾತಿಯನ್ನು ತರಬೇಡಿ, ಗಂಡು ಅದನ್ನು ತನ್ನ ಎದುರಾಳಿಯೆಂದೇ ಎಣಿಸುತ್ತದೆ. ಬಿಸಿಲುಗಾಲದಲ್ಲಿ ನೀರು 30 ಡಿಗ್ರಿ ದಾಟಿದರೆ ಓಡಾಟ, ಸಿಡುಕು ಎರಡೂ ಏರುತ್ತವೆ, ಆಮ್ಲಜನಕ ಇಳಿಯುತ್ತದೆ; ಮೇಲ್ಮೈಗೆ ಸಣ್ಣ ಫ್ಯಾನ್ ಹಿಡಿದು 26ರ ಸುತ್ತ ಇಡಲು ನೋಡಿ.

ಸಾಧು ಸ್ವಭಾವದ ಸಿಕ್ಲಿಡ್ ಬೇಕೆನ್ನುವವರಿಗೆ ನಮ್ಮ ಕರಾವಳಿಯ ಆರೆಂಜ್ ಕ್ರೋಮೈಡ್ ಇದೆ, ಆರರ ಗುಂಪಾಗಿ ಸಾಕಬಹುದು. ನಮ್ಮದೇ ಇನ್ನೊಂದು ಸಿಕ್ಲಿಡ್ ಆದ ಕೆನರಾ ಪರ್ಲ್‌ಸ್ಪಾಟ್ ನೇತ್ರಾವತಿ, ಕುಮಾರಧಾರಾ ಸೀಮೆಯ ಹೊಳೆಗಳದ್ದು, ಅಪರೂಪದ ಮೀನು. ಅದನ್ನು ಹೊಳೆಯಲ್ಲೇ ಬಿಟ್ಟಿರೋಣ. ಬೆಳೆದು ಕೈಮೀರಿದ ಮೀನನ್ನು ಕೆರೆಗೆ ಬಿಡುವುದಂತೂ ಕೂಡದು. ಜಿಲೇಬಿ ಮೀನೂ (ತಿಲಾಪಿಯಾ) ಸಿಕ್ಲಿಡ್ ಕುಲದ್ದೇ, 1952ರಲ್ಲಿ ದೇಶಕ್ಕೆ ತಂದದ್ದು, ಈಗ ಎಷ್ಟೋ ಕೆರೆಗಳಲ್ಲಿ ಊರ ಮೀನಿಗೆ ಜಾಗವಿಲ್ಲದಂತೆ ತುಂಬಿಕೊಂಡಿದೆ. ದೊಡ್ಡದಾದ ಮೇಲೆ ವಾಪಸು ತೆಗೆದುಕೊಳ್ಳುತ್ತೀರಾ ಎಂದು ಅಂಗಡಿಯವರನ್ನು ಮರಿ ಕೊಳ್ಳುವ ದಿನವೇ ಕೇಳಿಟ್ಟುಕೊಳ್ಳಿ.