ಮಸಾಲೆ ಒಂದೇ, ಒಗ್ಗರಣೆ ಬೇರೆ

ಸಂಜೆ ಕೆಲಸ ಮುಗಿಸಿ ಬಂದು, ಎಂಟೂವರೆಗೆಲ್ಲ ಊಟಕ್ಕೆ ಹಾಕಬೇಕು. ಇದರ ನಡುವೆ ಹೊಸ ಅಡುಗೆ ಎಲ್ಲಿಂದ ಮಾಡೋದು ಅಂತ ಗೆಳತಿಯರು ಕೇಳುತ್ತಾರೆ. ನಾನು ಹೇಳುವುದು ಇಷ್ಟೇ: ದಿನಾ ಹೊಸ ಮಸಾಲೆ ಹುಡುಕಬೇಡಿ, ಒಗ್ಗರಣೆ ಬದಲಿಸಿ.

ನಾನು ಶಿರಸಿ ಕಡೆಯವಳು. ತಂಬುಳಿ, ಹಶಿ, ಅಪ್ಪೆಹುಳಿ ಉಂಡು ಬೆಳೆದವಳು. ಮದುವೆಯಾಗಿ ಕಾರವಾರಕ್ಕೆ ಬಂದ ಮೇಲೆ ಪಕ್ಕದ ಮನೆಯ ಕೊಂಕಣಿ ಅಕ್ಕನಿಂದ ಈ ಗುಟ್ಟು ಸಿಕ್ಕಿತು. "ಮಸಾಲೆ ಎಲ್ಲದಕ್ಕೂ ಒಂದೇ ಮಾರಾಯ್ತಿ, ಕಡೆಗೆ ಏನು ಹಾಕ್ತೀಯೋ ಅದರ ಮೇಲೆ ಹೆಸರು" ಅಂದರು.

ಒಂದು ಕಪ್ ಕಾಯಿತುರಿ, ಚೂರು ಎಣ್ಣೆಯಲ್ಲಿ ಹುರಿದ ಆರೇಳು ಬ್ಯಾಡಗಿ ಮೆಣಸು, ಗೋಲಿಯಷ್ಟು ಹುಣಸೆಹಣ್ಣು. ನೀರು ಕಡಿಮೆ ಹಾಕಿ ನುಣ್ಣಗೆ ರುಬ್ಬಿದರೆ ಮುಗಿಯಿತು. ಬೆಂದ ಕಾಳಿಗೆ ಇದನ್ನು ಹಾಕಿ ಒಂದು ಕುದಿ ಬರಿಸಿ. ಮೇಲೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಕೊದ್ದೆಲ್, ಈರುಳ್ಳಿ ಕೊಟ್ಟರೆ ಅಂಬಟ್, ಸಾಸಿವೆ ಕರಿಬೇವು ಕೊಟ್ಟರೆ ಘಶಿ. ಹುರುಳಿ ಕೊದ್ದೆಲ್, ಬಸಳೆ ಅಂಬಟ್, ಸುವರ್ಣಗಡ್ಡೆ ಹಾಕಿದ ಕಡಲೆ ಘಶಿ. ಒಂದೇ ವಾರದಲ್ಲಿ ಮೂರನ್ನೂ ಮಾಡಿ ನೋಡಿ, ಮಸಾಲೆ ಒಂದೇ ಅಂತ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ನನಗೆ ಹೆಚ್ಚು ಇಷ್ಟ ಕೊದ್ದೆಲ್. ಬೆಳ್ಳುಳ್ಳಿ ಕೈಬಿಚ್ಚಿ ಹಾಕಬೇಕು, ಹತ್ತು ಹನ್ನೆರಡು ಎಸಳು. ಸಿಪ್ಪೆ ತೆಗೆದು ಸುಮ್ನೆ ಒಮ್ಮೆ ಜಜ್ಜಿ, ತೆಂಗಿನೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬಿಡಿ. ಮೊದಲು ಅಂಚು ಮಾತ್ರ ಬಣ್ಣ ತಿರುಗುತ್ತದೆ. ಆಗ ಅವಸರ ಮಾಡಬಾರದು. ಎಸಳು ಪೂರ್ತಿ ಕೆಂಪಗಾಗಿ, ಹಸಿ ವಾಸನೆ ಹೋಗಿ ಘಮ ಬಂದ ಮೇಲೇ ಎಣ್ಣೆ ಸಮೇತ ಪಾತ್ರೆಗೆ ಸುರಿದು ತಟ್ಟನೆ ಮುಚ್ಚಬೇಕು. ಐದು ನಿಮಿಷ ಮುಚ್ಚಳ ತೆಗೆಯಬೇಡಿ, ಆ ಘಮವೆಲ್ಲ ಸಾರಿಗೆ ಇಳಿಯಲಿ.

ಒಗ್ಗರಣೆಯೇ ಇಲ್ಲದ ಬಗೆಯೂ ಒಂದಿದೆ, ತೆಪ್ಪಳ ಎಂಬ ಘಮದ ಕಾಡುಕಾಯಿಯದ್ದು. ಒಣಗಿದ ತೆಪ್ಪಳದ ಒಳಗಿನ ಕಪ್ಪು ಬೀಜ ತೆಗೆದು, ಸಿಪ್ಪೆಯನ್ನು ನೀರಲ್ಲಿ ನೆನೆಸಿ, ಸ್ವಲ್ಪ ಜಜ್ಜಿ, ಕುದಿಯುವ ಸಾರಿಗೆ ನೀರಿನ ಸಮೇತ ಹಾಕುವುದು. ಮೇಲೆ ಒಂದು ಚಮಚ ಹಸಿ ತೆಂಗಿನೆಣ್ಣೆ. ನಾಲಿಗೆ ಜುಮ್ ಅನ್ನುತ್ತದೆ. ಕರಾವಳಿಯಲ್ಲಿ ಇದನ್ನು ಬಂಗಡೆ ಸಾರಿಗೂ ಹಾಕುತ್ತಾರೆ. ನಮ್ಮನೆಯಲ್ಲಿ ಮೀನಿಲ್ಲ, ಅಲಸಂದೆ ಕಾಳಿಗೆ ಹಾಕುತ್ತೇನೆ. ಬಹಳ ಚೆನ್ನಾಗಿ ಹೊಂದುತ್ತದೆ.

ಹೆಚ್ಚು ಸಮಯ ತಿನ್ನುವುದು ಕಾಯಿ ತುರಿಯುವುದು ಮತ್ತು ಕಾಳು ಬೇಯಿಸುವುದು, ಅಲ್ವಾ? ಹಾಗಾಗಿ ಭಾನುವಾರ ಸಂತೆಯಿಂದ ಬಂದವಳೇ ಕಾಯಿ ತುರಿದು ಫ್ರೀಜರಿಗೆ ಹಾಕಿಡುತ್ತೇನೆ. ರಾತ್ರಿ ಮಲಗುವಾಗ ಮಾರನೇ ದಿನದ ಕಾಳು ನೆನೆಸುತ್ತೇನೆ. ರುಬ್ಬಿದ್ದನ್ನು ಮಾತ್ರ ಜಾಸ್ತಿ ದಿನ ಇಡುವುದಿಲ್ಲ, ಹಸಿ ಕಾಯಿ ಬೇಗ ಹಳಸುತ್ತದೆ. ಅನ್ನ, ಮಜ್ಜಿಗೆ, ಉಪ್ಪಿನಕಾಯಿ ಎಂದಿನಂತೆ. ಊಟದಲ್ಲಿ ಹೊಸದು ಒಂದೇ ಇದ್ದರೆ ಮಕ್ಕಳೂ ತಕರಾರಿಲ್ಲದೆ ಉಣ್ಣುತ್ತಾರೆ.

ಮಳೆಗಾಲದಲ್ಲಿ ಕರೆಂಟ್ ಹೋದರೆ ಮಿಕ್ಸಿ ಇಲ್ಲ. ಅಂಥ ದಿನ ತವರಿನ ಸುಟ್ಟ ಬದನೆಕಾಯಿ ಗೊಜ್ಜೇ ಗತಿ. ಗ್ಯಾಸಿನ ಮೇಲೆ ಬದನೆ ಸುಟ್ಟು, ಸಿಪ್ಪೆ ಸುಲಿದು, ಸೂಜಿ ಮೆಣಸು, ಉಪ್ಪು, ಹುಣಸೆರಸ ಹಾಕಿ ಕಿವುಚಿದರೆ ಆಯಿತು.

ಈಗ ಎರಡೂ ಊರಿನದ್ದನ್ನು ಕೂಡಿಸುತ್ತಿದ್ದೇನೆ. ಅಮ್ಮ ಕಳಿಸಿದ ಕೆಸುವಿನ ದಂಟಿಗೆ ಕೊದ್ದೆಲ್ ಮಸಾಲೆ ಹಾಕಿದೆ. ಕೆಸು ತುರಿಸುತ್ತದೆ, ಹಾಗಾಗಿ ಹುಣಸೆಹಣ್ಣು ಎರಡರಷ್ಟು ಬೇಕು, ದಂಟು ಮೆತ್ತಗೆ ಬೇಯಬೇಕು. ಮುಂದಿನ ಸಲ ಅದಕ್ಕೆ ಹುಣಸೆಯ ಬದಲು ಅಮಟೆಕಾಯಿ ಹಾಕುವವಳಿದ್ದೇನೆ.