37 ಎಪಿಸೋಡಿಗೆ ಜೋಡಿ ಹಚ್ಚಿದ್ದು: ನನ್ನ ಅನುಭವ

ಕಳೆದ ತಿಂಗಳು ಬೀದರ್‌ನಿಂದ ನನ್ನ ಷಡ್ಡಕನ ಫೋನ್ ಬಂತು. "ಅಣ್ಣಾ, ನಮ್ಮ ಕಡೆನೂ ಆಸ್ಪತ್ರಿನೇ ಗೆದ್ದದ ನೋಡ್ರಿ. ಕೀಲಿ ಎರಡನೇದು, ಫೈಲು ಮೂರನೇದು." ಆಸ್ಪತ್ರಿ, ಕೀಲಿ, ಫೈಲು ಅಂದರೆ ಬ್ರಿಟನ್ನಿನ ಒಂದು ಹಾಸ್ಯ ಸೀರಿಯಲ್ಲಿನ ಎಪಿಸೋಡುಗಳಿಗೆ ನಾವು ಕರೆಯುವ ಹೆಸರು, ಅದರಲ್ಲಿ ಯಾವ ಎಪಿಸೋಡು ಎಲ್ಲಕ್ಕಿಂತ ಮೇಲು ಅಂತ ಅಳೆಯುವುದು ನನ್ನ ಹಟ. ಕೇಳಿದವನೇ ಕುರ್ಚಿ ಬಿಟ್ಟು ಎದ್ದು ನಿಂತೆ. ನನ್ನ ಪಟ್ಟಿ ಅವನಿಗೆ ತೋರಿಸಿರಲಿಲ್ಲ, ಪದ್ಧತಿ ಮಾತ್ರ ಹೇಳಿಕೊಟ್ಟಿದ್ದೆ. ಊರು ಬೇರೆ, ಕೂತು ನೋಡಿದ ಏಳು ಮಂದಿ ಬೇರೆ, ಆದರೂ ಮೇಲೆ ಬಂದ ಮೂರು ಅವೇ ಮೂರು. ಇಂಥ ಹೋಲಿಕೆ ಆಗುವ ಮಾತೇ ಅಲ್ಲ ಅಂತ ಎರಡು ವರ್ಷ ಎಲ್ಲರ ಬಾಯಲ್ಲೂ ಕೇಳಿಸಿಕೊಂಡವನು ನಾನು. ಅದಕ್ಕೇ ಈಗ ಬರೆಯಲು ಕೂತಿದ್ದೇನೆ.

ಸೀರಿಯಲ್ಲು 'ಯೆಸ್ ಮಿನಿಸ್ಟರ್', ಅದರ ಬೆನ್ನಿಗೆ ಬಂದ 'ಯೆಸ್, ಪ್ರೈಮ್ ಮಿನಿಸ್ಟರ್'. ಹ್ಯಾಕರ್ ಮೊದಲು ಮಂತ್ರಿ, ಆಮೇಲೆ ಪ್ರಧಾನಿ. ಸರ್ ಹಂಫ್ರಿ ಅವನನ್ನು ಆಡಿಸುವ ಹಿರಿಯ ಅಧಿಕಾರಿ, ಬರ್ನಾರ್ಡ್ ಹ್ಯಾಕರ್‌ನ ಆಪ್ತ ಕಾರ್ಯದರ್ಶಿ. ಇನ್ನು ಲೆಕ್ಕ. 1980, 81, 82ರಲ್ಲಿ ಬಿಬಿಸಿಯಲ್ಲಿ ಏಳೇಳರ ಮೂರು ಸೀಸನ್. 1984ರ ಡಿಸೆಂಬರಿನಲ್ಲಿ ಒಂದು ತಾಸಿನ 'ಪಾರ್ಟಿ ಗೇಮ್ಸ್'. ಆಮೇಲೆ 1986ರಲ್ಲಿ ಒಂದು, 1987-88ರಲ್ಲಿ ಒಂದು, ಎಂಟೆಂಟರ ಎರಡು ಸೀಸನ್. 'ಪಾರ್ಟಿ ಗೇಮ್ಸ್' ಇಮ್ಮಡಿ ಉದ್ದದ್ದು, ಅದನ್ನು ಅಖಾಡಕ್ಕೆ ಇಳಿಸಲಿಲ್ಲ. ಉಳಿದದ್ದು 37.

ಕಲಬುರಗಿ ಅಂದರೆ ವಿಭಾಗದ ಊರು, ಕಚೇರಿಗೆ ಬರವಿಲ್ಲ. ನಮ್ಮ ಗುಂಪಿನವರೆಲ್ಲ ಫೈಲಿನ ನಡುವೆಯೇ ಕೂದಲು ಹಣ್ಣು ಮಾಡಿಕೊಂಡವರು. ಭಾನುವಾರ ಸಂಜೆ ಸೇಡಂ ರಸ್ತೆ ಕಡೆಯ ನಮ್ಮ ಮನೆ ಮಾಳಿಗೆ ಮೇಲೆ ಸೇರುತ್ತಿದ್ದೆವು. ಶುರುವಿನಲ್ಲಿ ಒಂಬತ್ತು ಮಂದಿ ಇದ್ದೆವು. ಒಬ್ಬರಿಗೆ ಯಾದಗಿರಿಗೆ ವರ್ಗವಾಯಿತು, ಇನ್ನೊಬ್ಬರಿಗೆ ಬೇಸರವಾಯಿತು, ಏಳು ಮಂದಿ ಉಳಿದೆವು. ಎಲ್ಲರಿಗಿಂತ ಹಿರಿಯರು ನಿವೃತ್ತ ಶಿರಸ್ತೇದಾರರು, ನಮಗೆಲ್ಲ ಕಾಕಾ. ಅವರಿಗೆ ಮೊದಲ ಸೀಸನ್ನೇ ಸೀಸನ್, ನನಗೆ ಮೂರನೆಯದು. ವಾದ ಹರಿಯಲೇ ಇಲ್ಲ. ಅಳೆದು ನೋಡೋಣ ಅಂದೆ. ಕಾಕಾ ಅಂದರು: "ಹತ್ತಿಗೂ ತೊಗರಿಗೂ ಒಂದೇ ಭಾವ ಕಟ್ತೀಯೇನೋ ತಮ್ಮಾ? ಮೊದಲ್ನೇದ್ರಾಗ ಅಂವ ಹೊಸಾ ಮಂತ್ರಿ, ಕಡೀದ್ರಾಗ ಪ್ರಧಾನಿ. ಆಟನೇ ಬ್ಯಾರೆ ಅದ."

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ, ಹತ್ತಕ್ಕೆ ಅಂಕ. ಭಾನುವಾರಕ್ಕೆ ಎರಡರಂತೆ ಐದು ತಿಂಗಳು ಹಿಡಿಯಿತು. ಕೂಡಿಸಿ ನೋಡಿದರೆ ಎಲ್ಲಕ್ಕೂ ಎಂಟು! ಮೊದಲ ಸ್ಥಾನಕ್ಕೂ ಇಪ್ಪತ್ತನೆಯದಕ್ಕೂ ಅರ್ಧ ಅಂಕದ ಫರಕಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಮೊದಲ ತಿಂಗಳ ಎಂಟೇ ಬೇರೆ, ಐದನೇ ತಿಂಗಳ ಎಂಟೇ ಬೇರೆ. ಮೊದಮೊದಲು ಕೈ ಬಿಗಿಹಿಡಿದು ಕೊಟ್ಟವರು ಹಂಫ್ರಿಯ ಮಾತಿಗೆ ಕಿವಿ ಒಗ್ಗಿದ ಮೇಲೆ ಧಾರಾಳವಾದರು. ನೋಟ್‌ಬುಕ್ ಹಾಗೇ ಇದೆ, ಪ್ರಯೋಜನವಿಲ್ಲ.

ಎರಡನೆಯ ಸಲ ನಗುವನ್ನೇ ಎಣಿಸಲು ಹೋದೆ. ಮೊಬೈಲಿನಲ್ಲಿ ನಮ್ಮ ಸದ್ದು ರೆಕಾರ್ಡ್ ಮಾಡಿ, ರಾತ್ರಿ ಕೂತು ಗೆರೆ ಎಳೆದು ಎಣಿಸುತ್ತಿದ್ದೆ. ಎಂಟು ವಾರ ಕಳೆದ ಮೇಲೆ ಗೊತ್ತಾಯಿತು, ಟಿವಿಯಲ್ಲಿ ನಗು ಕೇಳಿದಲ್ಲೆಲ್ಲ ನಾವೂ ನಗುತ್ತಿದ್ದೇವೆ. ಈ ಸೀರಿಯಲ್ಲಿನ ನಗು ಸ್ಟುಡಿಯೋದಲ್ಲಿ ಎದುರಿಗೆ ಕೂತ ಪ್ರೇಕ್ಷಕರದ್ದು, ಅದು ಅಂಟುರೋಗದಂತೆ ಹತ್ತುತ್ತದೆ. ಸದ್ದು ಪೂರ್ತಿ ತೆಗೆದು ಬರೀ ಸಬ್‌ಟೈಟಲ್ ಇಟ್ಟು ಎರಡು ವಾರ ನೋಡಿದೆವು. ಹಂಫ್ರಿಯ ಉದ್ದುದ್ದ ವಾಕ್ಯಗಳು ಕೂತಲ್ಲೇ ಸತ್ತವು. ಆ ವಾಕ್ಯ ಬದುಕುವುದು ಹಂಫ್ರಿ ಪಾತ್ರದ ನೈಜೆಲ್ ಹಾಥಾರ್ನ್ ಅದನ್ನು ಒಂದೇ ಉಸಿರಿನಲ್ಲಿ ಎಳೆದು ದಡ ಮುಟ್ಟಿಸುವುದರಲ್ಲಿ. ಓದಿದರೆ ಅದು ಸುತ್ತೋಲೆ.

ಅದೇ ಹೊತ್ತಿಗೆ ಇನ್ನೊಂದು ಕಡೆ ಹೊರಳಿದೆ. 2001ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಇದೇ ಸೀರಿಯಲ್ಲನ್ನು 'ಜೀ ಮಂತ್ರೀಜಿ' ಅಂತ ಹಿಂದಿಗೆ ಇಳಿಸಿದ್ದರು, ಮಂತ್ರಿ ಪಾತ್ರ ಫಾರೂಕ್ ಶೇಖ್ ಅವರದ್ದು. ಸಿಕ್ಕ ನಾಲ್ಕಾರು ಭಾಗ ಹಾಕಿದೆ. ಇಂಗ್ಲಿಷಿನಲ್ಲಿ ಸುಮ್ಮನೆ ಕೂರುತ್ತಿದ್ದ ಇಬ್ಬರು ಅಲ್ಲಿ ಹೊಟ್ಟೆ ಹಿಡಿದು ನಕ್ಕರು. ಭಾಷೆ ಬದಲಾದರೂ ಕೆಲವು ಕಥೆ ಅಲ್ಲಾಡುವುದಿಲ್ಲ, ಕೆಲವು ಕುಸಿಯುತ್ತವೆ. ಇದು ತಲೆಯಲ್ಲಿ ಉಳಿಯಿತು, ಮುಂದೆ ದೊಡ್ಡ ಉಪಯೋಗಕ್ಕೆ ಬಂತು.

ರೊಕ್ಕದ ಮಾತು. ಡಿವಿಡಿ ಸೆಟ್ ಬೆಂಗಳೂರಿನಿಂದ ತರಿಸಿದ್ದು, ಮೂರು ಸಾವಿರದ ಆಸುಪಾಸು. ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್ ಎಂಟು ಸಾವಿರ. ನಮ್ಮ ಮೇ ತಿಂಗಳು ನಿಮಗೆ ಗೊತ್ತು, ಸೂರ್ಯ ಮುಳುಗಿದ ಮೇಲೂ ಮಾಳಿಗೆಯ ನೆಲ ಕಾದ ಹಂಚು. ಎರಡನೇ ವಾರಕ್ಕೇ ಲ್ಯಾಂಪ್ ಹೋಯಿತು. ರಿಪೇರಿಯವನು ಹೊಸದು ಅಂತ ಮೂರೂವರೆ ಸಾವಿರಕ್ಕೆ ಹಳೆಯದನ್ನೇ ಕೂಡಿಸಿ ಕಳಿಸಿದ. ತಿಂಗಳಿಗೇ ಚಿತ್ರ ಅರಿಶಿನ ಬಣ್ಣಕ್ಕೆ ತಿರುಗಿತು. ಕರೆಂಟು ಕೈಕೊಡುತ್ತದೆಂದು ಇನ್ವರ್ಟರ್ ಬ್ಯಾಟರಿ ಬದಲಿಸಿದ್ದು ಹನ್ನೆರಡು ಸಾವಿರ. ವಾರಕ್ಕೆ ಮಿರ್ಚಿ ಭಜಿ, ಚಹಾ ಸೇರಿ ಇನ್ನೂರು ಹಿಡಿಯಿರಿ. ಎಲ್ಲ ಕೂಡಿಸಿದರೆ ಹತ್ತಿರ ಹತ್ತಿರ ನಲವತ್ತು ಸಾವಿರ. ತಲೆಗೆ ತಿಂಗಳಿಗೆ ನೂರರಂತೆ ಪಟ್ಟಿ ಎತ್ತಿದ್ದು ಹದಿನಾಲ್ಕು ಸಾವಿರ ಆಗಿರಬಹುದು, ಉಳಿದದ್ದು ನನ್ನ ಕಿಸೆಯಿಂದ. "ಇದೇ ರೊಕ್ಕದಾಗ ಒಂದು ಚಲೋ ಫ್ರಿಜ್ ಬರ್ತಿತ್ತು" ಅಂತ ಮನೆಯವಳು ಅಂದದ್ದು ಸುಳ್ಳಲ್ಲ. ಆದರೂ ನನಗೆ ಬೇಕಾಗಿದ್ದು ಈ ಉತ್ತರವೇ.

ದಾರಿ ಸಿಕ್ಕಿದ್ದು ಜಾತ್ರೆಯ ಕುಸ್ತಿ ಕಣದಲ್ಲಿ. ಅಲ್ಲಿ ಪೈಲ್ವಾನನಿಗೆ ಹತ್ತಕ್ಕೆ ಇಷ್ಟು ಅಂತ ಯಾರೂ ಅಂಕ ಕೊಡುವುದಿಲ್ಲ. ಜೋಡಿ ಹಚ್ಚುತ್ತಾರೆ, ಒಬ್ಬ ಬೀಳುತ್ತಾನೆ. 37ಕ್ಕೂ ಒಂದಕ್ಕೊಂದು ಜೋಡಿ ಹಚ್ಚಿದರೆ 666 ಜೋಡಿ, ಆಯುಷ್ಯ ಸಾಲದು. ಅದಕ್ಕೇ ಪ್ರತಿ ಸೀಸನ್ನಿನಿಂದ ಚೀಟಿ ಬರೆಸಿ ಮೂರು ಮೂರು ಆರಿಸಿದೆವು. ಐದು ಸೀಸನ್, ಹದಿನೈದು ಎಪಿಸೋಡು. ಒಂದು ಸಲ ಸೋತರೆ ಇನ್ನೊಂದು ಅವಕಾಶ, ಎರಡು ಸಲ ಸೋತರೆ ಹೊರಗೆ. ಜೋಡಿ ಕಟ್ಟುವಾಗ ಆದಷ್ಟೂ ಬೇರೆ ಬೇರೆ ಸೀಸನ್ನಿನವನ್ನೇ ಎದುರುಬದುರು ನಿಲ್ಲಿಸಬೇಕು. ಒಂದೇ ಸೀಸನ್ನಿನವು ಬೇಗ ಎದುರಾದರೆ ಹೋಲಿಕೆ ಮನೆಯೊಳಗಿನ ಜಗಳವಾಗುತ್ತದೆ.

ಇಲ್ಲೂ ಎರಡು ಕಡೆ ಎಡವಿದೆ. ಒಂದು, ಪ್ರಶ್ನೆ. "ಎರಡರಲ್ಲಿ ಯಾವುದು ಹೆಚ್ಚು ಚತುರವಾಗಿದೆ?" ಅಂತ ಕೇಳುತ್ತಿದ್ದೆ. ಮಾತು ಹೆಚ್ಚಿದ್ದ ಎಪಿಸೋಡೇ ಗೆಲ್ಲುತ್ತಿತ್ತು. ಒಂದು ಭಾನುವಾರ 1986ರ ಸೀಸನ್ನಿನ 'ದಿ ಮಿನಿಸ್ಟೀರಿಯಲ್ ಬ್ರಾಡ್‌ಕಾಸ್ಟ್' ಓಡುತ್ತಿತ್ತು. ಕಡ್ಡಾಯ ಸೈನಿಕ ಸೇವೆಯ ಬಗ್ಗೆ ಜನಾಭಿಪ್ರಾಯ ಕೇಳುವುದು ಹೇಗೆ ಅಂತ ಹಂಫ್ರಿ ಬರ್ನಾರ್ಡ್‌ಗೆ ತೋರಿಸುವ ದೃಶ್ಯ. ಒಂದು ಸಾಲು ಪ್ರಶ್ನೆ ಕೇಳಿ ಅವನ ಬಾಯಿಂದಲೇ ಹೌದು ಅನ್ನಿಸುತ್ತಾನೆ, ಇನ್ನೊಂದು ಸಾಲು ಕೇಳಿ ಬೇಡ ಅನ್ನಿಸುತ್ತಾನೆ. ಅಲ್ಲೇ ನಿಲ್ಲಿಸಿದೆ. ವಾರವಾರವೂ ನಾನು ಮಾಡುತ್ತಿದ್ದದ್ದೂ ಅದೇ ಅಲ್ಲವೇ? ಅವತ್ತಿನಿಂದ ಪ್ರಶ್ನೆ ಬದಲಾಯಿತು: "ನಾಳೆ ಮನೆಗೆ ಬೀಗರು ಬಂದರೆ ಇವೆರಡರಲ್ಲಿ ಯಾವುದನ್ನು ಹಾಕ್ತೀರಿ?" ಇಷ್ಟೇ. ಮಾತನಾಡದೆ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು.

ಇನ್ನೊಂದು ತಪ್ಪು ಹಿಡಿದದ್ದು ನನ್ನ ಮಗಳು. ಹತ್ತು ಜೋಡಿ ಮುಗಿದಿದ್ದವು. ಪಟ್ಟಿ ನೋಡಿ, "ಅಪ್ಪಾ, ಹತ್ತರಾಗ ಎಂಟು ಸಲ ಎರಡನೇದಾಗಿ ಹಾಕಿದ್ದೇ ಗೆದ್ದದಲ್ಲ" ಅಂದಳು. ಎರಡರ ನಡುವೆ ಭಜಿ, ಚಹಾ. ಹೊಟ್ಟೆ ತುಂಬಿದ ಮೇಲೆ ನೋಡಿದ್ದು ಚೆಂದ ಕಾಣುತ್ತದೆ, ಅದೇ ತಾಜಾ ಇರುತ್ತದೆ. ಹತ್ತು ಭಾನುವಾರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಎಲ್ಲವನ್ನೂ ಮೊದಲಿನಿಂದ ಹಚ್ಚಿದೆ. ಯಾವುದನ್ನು ಮೊದಲು ಹಾಕಬೇಕು, ನಡುವೆ ಎಷ್ಟು ಹೊತ್ತು ಬಿಡಬೇಕು, ಆ ಹೊತ್ತಿನಲ್ಲಿ ಏನು ಮಾಡಿಸಬೇಕು ಎಂಬುದಕ್ಕೆ ನನ್ನದೇ ಒಂದು ಉಪಾಯ ಕಂಡುಕೊಂಡಿದ್ದೇನೆ. ಆಮೇಲಿನ 29 ಜೋಡಿಗಳಲ್ಲಿ ಎರಡನೆಯದು ಗೆದ್ದದ್ದು ಹದಿನಾಲ್ಕೋ ಹದಿನೈದೋ, ಸಮ ಸಮ. ಉಪಾಯ ಇಲ್ಲಿ ಬರೆಯುವುದಿಲ್ಲ. ಸ್ವಂತ ಗುಂಪು ಕಟ್ಟಿ ಶುರು ಮಾಡಿದವರು ಬಂದು ಕೇಳಿದರೆ ಹೇಳುತ್ತೇನೆ.

ಆದರೆ ಚೀಟಿಯೊಂದನ್ನೇ ನಂಬಲಿಲ್ಲ. ಹಿಂದಿಯ ಪಾಠ ನೆನಪಿತ್ತು. ಅದಕ್ಕೇ ಎರಡನೇ ಒರೆಗಲ್ಲು: ನೋಡಿ ಮೂರು ವಾರವಾದ ಮೇಲೆ, ಮತ್ತೆ ನೋಡದೆ, ಸೀರಿಯಲ್ಲಿನ ಹೆಸರೇ ಕೇಳದವರಿಗೆ ಆ ಕಥೆಯನ್ನು ನಮ್ಮ ಮಾತಿನಲ್ಲಿ ಹೇಳಬೇಕು. ಕೇಳಿದವರು ನಕ್ಕರೆ ಎಪಿಸೋಡು ನಿಂತಿತು. ಹೇಳುವವನಿಗೇ ನಡುವೆ ಎಳೆ ತಪ್ಪಿದರೆ ಬಿದ್ದಿತು.

ನಾನು ಹೇಳಿದ್ದು ನಮ್ಮ ಅತ್ತೆಗೆ. ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿ ಬೇಳೆ ಹಸನು ಮಾಡುತ್ತಿದ್ದರು. ಎರಡನೇ ಸೀಸನ್ನಿನ ಮೊದಲನೆಯದು, 'ದಿ ಕಂಪ್ಯಾಷನೇಟ್ ಸೊಸೈಟಿ'. ನಾವು ಆಸ್ಪತ್ರಿ ಅಂತಲೇ ಕರೆಯುವುದು. "ಹೊಸಾ ಆಸ್ಪತ್ರಿ ಕಟ್ಯಾರ್ರೀ ಅತ್ತಿ. ಐನೂರು ಮಂದಿ ನೌಕರಿ ಮಾಡ್ತಾರ. ಡಾಕ್ಟರ್ ಇಲ್ಲ, ನರ್ಸ್ ಇಲ್ಲ, ಒಬ್ಬ ಪೇಷಂಟ್ ಇಲ್ಲ. ಮಂತ್ರಿ ನೋಡಾಕ ಹೋದ್ರ, ನಮಗ ಕೈಬಿಡುವಿಲ್ಲದಷ್ಟು ಕೆಲಸ ಅದ ಅಂತಾರ." ಅತ್ತೆಯ ಕೈ ಇನ್ನೂ ಕಲ್ಲು ಹುಡುಕುತ್ತಿತ್ತು. "ಪೇಷಂಟ್ ಇಲ್ಲಂದ್ರ ಹೊಲಸು ಮಾಡೋರು ಯಾರಪಾ ಅಲ್ಲಿ?" ಅಂದರು. "ಯಾರೂ ಇಲ್ಲ, ಅದಕ್ಕೇ ಸ್ವಚ್ಛತಾ ಪ್ರಶಸ್ತಿಗೆ ಅದರ ಹೆಸರು ಹೋಗ್ಯದ." ಕೈ ನಿಂತಿತು. ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಮೊರ ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಮರುದಿನ ಪಕ್ಕದ ಮನೆಯಾಕೆಗೆ ಅವರೇ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು, ಒಂದು ಎಳೆಯೂ ತಪ್ಪಿರಲಿಲ್ಲ. ಲಂಡನ್ನಿನಲ್ಲಿ 1981ರಲ್ಲಿ ಮಾಡಿದ್ದು ಕಲಬುರಗಿಯ ಪಡಸಾಲೆಗೆ ಹಾಗೇ ದಾಟಿತ್ತು.

ಫೈಲು, ಅಂದರೆ ಮೂರನೇ ಸೀಸನ್ನಿನ 'ದಿ ಸ್ಕೆಲಿಟನ್ ಇನ್ ದಿ ಕಪ್‌ಬೋರ್ಡ್', ನನ್ನ ಪ್ರೀತಿಯದು. ಹಂಫ್ರಿ ಚಿಕ್ಕ ಅಧಿಕಾರಿಯಾಗಿದ್ದಾಗ ಮಾಡಿದ ಎಡವಟ್ಟಿನಿಂದ ಸರ್ಕಾರಕ್ಕೆ ನಾಲ್ಕು ಕೋಟಿ ಪೌಂಡ್ ನಷ್ಟ. ಮೂವತ್ತು ವರ್ಷವಾದ ಮೇಲೆ ಆ ಕಡತ ಹೊರಬರುವ ಕಾಲ ಬಂದಿದೆ. ಕೊನೆಯಲ್ಲಿ ಕಡತದಲ್ಲಿ ಯಾವ ಕಾಗದ ಏಕಿಲ್ಲ ಎಂಬ ಪಟ್ಟಿ ಬರುತ್ತದೆ, 1967ರ ಪ್ರವಾಹದಲ್ಲಿ ಹೋದವು, ಕಚೇರಿ ಸಾಗಿಸುವಾಗ ಹೋದವು ಅಂತ. ರೆಕಾರ್ಡ್ ರೂಮಿನಲ್ಲಿ ವರ್ಷಗಟ್ಟಲೆ ಕೂತ ನಮ್ಮ ಗುಂಪಿನವರು ಇದಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆದರೆ ಹೊರಗಿನವರಿಗೆ ಹೇಳುವಾಗ ಮೂವತ್ತು ವರ್ಷದ ನಿಯಮ ಬಿಡಿಸಿ ಹೇಳುವಷ್ಟರಲ್ಲಿ ನಗು ಆರಿಹೋಗುತ್ತದೆ. ನನಗೆ ಸಂಕಟವಾಯಿತು, ಆದರೂ ನನ್ನದೇ ಒರೆಗಲ್ಲು ಕೊಟ್ಟ ತೀರ್ಪನ್ನು ತಿದ್ದಲಿಲ್ಲ. ಚೀಟಿಯಲ್ಲಿ ಮೊದಲೊಮ್ಮೆ ಫೈಲು ಆಸ್ಪತ್ರಿಯನ್ನು ಕೆಡವಿತ್ತು. ಕಡೆಯ ಜೋಡಿಯಲ್ಲಿ ಆಸ್ಪತ್ರಿ ನಾಲ್ಕಕ್ಕೆ ಮೂರರಿಂದ ತಿರುಗಿ ಗೆದ್ದಿತು.

ಮೂರನೆಯದು 'ದಿ ಕೀ'. ಪ್ರಧಾನಿ ಮನೆಗೆ ಹೋಗುವ ಬಾಗಿಲಿನ ಕೀಲಿಕೈಯನ್ನು ಹ್ಯಾಕರ್ ಕಿತ್ತುಕೊಂಡ ಮೇಲೆ ಹಂಫ್ರಿ ಕೊನೆಗೆ ಕಿಟಕಿಯಿಂದ ಒಳಗೆ ಬರಲು ಒದ್ದಾಡುವುದು. ಮಕ್ಕಳಿಗೆ ಅದಕ್ಕಿಂತ ಇಷ್ಟವಾದದ್ದು 'ಒನ್ ಆಫ್ ಅಸ್', ಸೈನ್ಯದ ಗುಂಡು ಹಾರಿಸುವ ಬಯಲಿನಲ್ಲಿ ಸಿಕ್ಕಿಬಿದ್ದ ನಾಯಿಯನ್ನು ಬಿಡಿಸುವ ಕಥೆ. ನಾಯಿ ಕೀಲಿಗೂ ಆಸ್ಪತ್ರಿಗೂ ಸೋತು ಹೊರಬಿತ್ತು. ಇಡೀ ಸೀಸನ್ ಲೆಕ್ಕ ಹಿಡಿದರೆ ಮೂರನೆಯದೇ ಗಟ್ಟಿ, ಅದರ ಮೂರೂ ಕೊನೆಯ ಆರರವರೆಗೆ ಬಂದವು. ಕೊನೆಯ ಸೀಸನ್ ಎಲ್ಲರಿಗಿಂತ ಮೊದಲು ಖಾಲಿಯಾಯಿತು. ಕಾಕಾನ ಮೆಚ್ಚಿನ ಮೊಟ್ಟಮೊದಲ ಎಪಿಸೋಡು 'ಓಪನ್ ಗವರ್ನಮೆಂಟ್' ಎರಡೇ ಜೋಡಿಯಲ್ಲಿ ಹೋಯಿತು. ಅವರು ಎರಡು ಭಾನುವಾರ ಬರಲಿಲ್ಲ.

ಕಥೆ ಕೇಳಿಸಲು ಯಾರನ್ನು ಆರಿಸಬೇಕು ಎಂಬುದರಲ್ಲೂ ಒಂದು ಗುಟ್ಟಿದೆ, ಅದನ್ನು ಬೀದರ್‌ಗೂ ಕೊಟ್ಟಿಲ್ಲ. ಆದರೂ ಅವರಿಗೆ ಮೇಲಿನ ಮೂರು ಅವೇ ಬಂದವು. ಷಡ್ಡಕನ ಪಟ್ಟಿಯನ್ನು ಪ್ರಿಂಟ್ ತೆಗೆಸಿ ಕಾಕಾನ ಮನೆಗೆ ಒಯ್ದೆ. ಕನ್ನಡಕ ಹಾಕಿಕೊಂಡು ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಪಾರ್ಟಿ ಗೇಮ್ಸ್ ಬಿಟ್ಟೀಯಲ್ಲೋ ತಮ್ಮಾ. ಅದನ್ನ ಎರಡು ತುಂಡು ಮಾಡಿ ಆಸ್ಪತ್ರಿಗೆ ಹಚ್ಚು. ಮುಂದಿನ ಐತಾರ ನಾ ಬರ್ತೀನಿ, ಭಜಿ ನಂದು" ಅಂದರು.