ಸಿಟ್ಟು ಇಳಿದ ಮೇಲೆ ಮಾತು

ಅಂಕೋಲೆಯ ಬದಿಯ ಕಡಲತೀರದ ಸರ್ಕಾರಿ ಶಾಲೆಯೊಂದರಲ್ಲಿ ನಾನು ಚಿಕ್ಕ ತರಗತಿಗಳಿಗೆ ಕಲಿಸುತ್ತೇನೆ. ಮಕ್ಕಳ ಸಿಟ್ಟಿನ ವಿಷಯದಲ್ಲಿ ನಾನು ಪಾಲಿಸಿಕೊಂಡು ಬಂದ ಕ್ರಮವೆಂದರೆ, ಸಿಟ್ಟು ಏರಿರುವಾಗ ಬುದ್ಧಿ ಹೇಳದಿರುವುದು ಮತ್ತು ಇಳಿದ ಮೇಲೆ ಹೇಳದೆ ಬಿಡದಿರುವುದು.

ಎರಡನೆಯ ತರಗತಿಯ ಹುಡುಗನೊಬ್ಬನಿಗೆ ‘ಳ’ ಅಕ್ಷರ ಸರಿಯಾಗಿ ಬರುತ್ತಿರಲಿಲ್ಲ. ಬರೆದು ಅಳಿಸಿ, ಮತ್ತೆ ಬರೆದು ಅಳಿಸಿ, ಕೊನೆಗೆ ಹಾಳೆಯೇ ತೂತಾದಾಗ ಅವನು ಪೆನ್ಸಿಲ್ ಮುರಿದು, ಪಕ್ಕದ ಹುಡುಗಿಯ ಚೀಲವನ್ನು ಒದ್ದ. ನಾನು ಅವನ ಎದುರು ನೆಲದ ಮೇಲೆ ಕುಳಿತು, “ಹಾಳೆ ಹರಿದುಹೋಯ್ತು, ಸಿಟ್ಟು ಬಂತು ಅಲ್ವಾ ತಮಾ? ಒದೆಯೋದು ಮಾತ್ರ ಬೇಡ” ಎಂದಷ್ಟೇ ಹೇಳಿದೆ. ಆವೇಗವನ್ನು ತಡೆದು ಯೋಚಿಸಲು ನೆರವಾಗುವ ಮಿದುಳಿನ ಮುಂಭಾಗವು ಸುಮಾರು 25ನೆಯ ವಯಸ್ಸಿನವರೆಗೂ ಬೆಳೆಯುತ್ತಿರುತ್ತದೆ. ಏಳು ವರ್ಷದ ಮಗು ಕುದಿಯುತ್ತಿರುವಾಗ ಉಪದೇಶ ಅದರ ಕಿವಿಗೆ ಬಿದ್ದರೂ ಒಳಕ್ಕೆ ಇಳಿಯುವುದಿಲ್ಲ.

ಬಿಸಿ ಗಂಜಿಯನ್ನು ಆರಿಸುವ ಹಾಗೆ ನಿಧಾನವಾಗಿ ಊದುವುದನ್ನು ನಾವು ದಿನವೂ ಪ್ರಾರ್ಥನೆಯ ನಂತರ ಎಲ್ಲರೂ ಸೇರಿ ಅಭ್ಯಾಸ ಮಾಡುತ್ತೇವೆ. ಉಸಿರನ್ನು ಹೊರಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುವುದರಿಂದ, ಒಳಕ್ಕೆ ಎಳೆಯುವುದಕ್ಕಿಂತ ಹೆಚ್ಚು ಹೊತ್ತು ಹೊರಬಿಡಲು ಕಲಿಸುತ್ತೇನೆ. ಮನಸ್ಸು ಶಾಂತವಾಗಿರುವಾಗ ರೂಢಿಯಾದದ್ದು ಮಾತ್ರ ಸಿಟ್ಟಿನಲ್ಲಿ ನೆನಪಿಗೆ ಬರುತ್ತದೆ. ಅಂದು ನಾನು ಊದತೊಡಗಿದೆ. ಸ್ವಲ್ಪ ಹೊತ್ತಿಗೆ ಅವನೂ ಊದಿದ.

ಬಿಸಿಯೂಟದ ನಂತರ ಮಾತಾಡಿದೆವು. ಅವನು ಚೀಲದ ಧೂಳು ಒರೆಸಿ ಹುಡುಗಿಗೆ ಕೊಟ್ಟ. ‘ತಪ್ಪಾಯ್ತು’ ಎಂದು ಹೇಳಲೇಬೇಕೆಂದು ನಾನು ಒತ್ತಾಯಿಸುವುದಿಲ್ಲ, ಏಕೆಂದರೆ ಒತ್ತಾಯದ ಆ ಮಾತು ತಪ್ಪಿಸಿಕೊಳ್ಳುವ ದಾರಿಯಾಗುವುದೇ ಹೆಚ್ಚು. ಕೆಡಿಸಿದ್ದನ್ನು ಸರಿಪಡಿಸುವುದನ್ನು ಮಾತ್ರ ಬಿಡುವುದಿಲ್ಲ. ಮುಂದೆ ಹೀಗಾದಾಗ “ಅಕ್ಕೋರೆ, ಆಗ್ತಾ ಇಲ್ಲ” ಎಂದು ಕೈ ಎತ್ತಬೇಕೆಂದು ಗೊತ್ತುಮಾಡಿಕೊಂಡು, ಪಾಟಿಯ ಮೇಲೆ ಚುಕ್ಕಿಯಿಟ್ಟು ಅಕ್ಷರವನ್ನು ತಿದ್ದಿಸಿದೆ.

ಸಿಟ್ಟು ಬರುವ ಹೊತ್ತನ್ನೂ ಗಮನಿಸಬೇಕು. ಕೆಲವರಿಗದು ಬಿಸಿಯೂಟಕ್ಕೆ ಮುಂಚೆ, ಹಸಿವಿನಲ್ಲಿ. ಈ ಹುಡುಗ, ದೋಣಿಯಲ್ಲಿ ಹೋದ ಅಪ್ಪ ಬರುವ ತನಕ ಎಚ್ಚರವಿರುತ್ತಿದ್ದ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎಂದು ಅವನ ಅಜ್ಜಿಗೆ ವಿವರಿಸಿದೆ. ಅವರು ಬೇಗ ಮಲಗಿಸತೊಡಗಿದ ಮೇಲೆ ಬೆಳಗಿನ ಜಗಳಗಳು ಕಡಿಮೆಯಾದವು.

“ಅಕ್ಕೋರೆ, ಎರಡು ಬಾರಿಸಿ, ಸರಿಯಾಗ್ತಾನೆ” ಎನ್ನುವ ಪಾಲಕರು ಈಗಲೂ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂದು ಅವರಿಗೆ ತಿಳಿಸುತ್ತೇನೆ. ಜೊತೆಗೆ, ಸಿಟ್ಟು ಬಂದಾಗ ದೊಡ್ಡವರು ಚಿಕ್ಕವರನ್ನು ಹೊಡೆಯಬಹುದು ಎಂಬುದನ್ನೇ ಪೆಟ್ಟು ತಿಂದ ಮಗು ಕಲಿಯುತ್ತದೆ, ಮನೆಗೆ ಹೋಗಿ ತಂಗಿಯ ಮೇಲೆ ಕೈಮಾಡುತ್ತದೆ ಎಂದೂ ಹೇಳುತ್ತೇನೆ.